ಕೀಲಿಮಣೆಗೆ ಕುಂಕುಮ ಇಟ್ಟ ದಸರಾ

ಮೊನ್ನೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ, ಶಿವು ಫೋನ್ ಮಾಡಿದ. ನಾನು ಮೊದಲು ಕೆಲಸಕ್ಕೆ ಸೇರಿದ ಪ್ರೆಸ್ಸಿನ ಸಾಹುಕಾರರ ಮಗ ಅವನು.

"ವನಜಕ್ಕಾ, ಪ್ರೆಸ್ ಬಿಲ್ಡಿಂಗ್ ಕೆಡವ್ತಾ ಇದೀವಿ. ಅಟ್ಟದ ಮೇಲೆ ಹಳೇ ಅಚ್ಚುಮೊಳೆ ಕೇಸುಗಳವೆ. ನಿಮಗೇನಾದ್ರೂ ಬೇಕಾ? ಇಲ್ಲಾ ಗುಜರಿಗೆ ಹಾಕ್ಬಿಡ್ಲಾ?"

"ಹಾಕಿ ನೋಡು. ನಿನ್ನನ್ನೂ ಅದರ ಜೊತೆ ತೂಕಕ್ಕೆ ಹಾಕಿಸ್ತೀನಿ. ನಾನು ಬರೋಗಂಟ ಏನನ್ನೂ ಮುಟ್ಟಬೇಡ" ಎಂದು ಬೈದು, ತೆಗೆದ ಬಾಗಿಲನ್ನು ಮತ್ತೆ ಎಳೆದು ಹೊರಟೆ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅರ್ಜಿ, ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಏನು ಕೊಟ್ಟರೂ ಕೀಲಿಮಣೆ ನೋಡದೆ ಟೈಪ್ ಮಾಡಿಕೊಡುತ್ತೇನೆ. ಕಾಲೇಜು ಹುಡುಗರು ನಿಂತು ನೋಡುತ್ತಾರೆ. ನನಗೂ ನೋಡಿಸಿಕೊಳ್ಳುವ ಚಪಲ ಇಲ್ಲದಿಲ್ಲ.

ಪ್ರೆಸ್ಸಿನ ಒಳಗೆ ಕಾಲಿಟ್ಟದ್ದೇ ತಡ, ಸೀಮೆಎಣ್ಣೆ ಮತ್ತು ಶಾಯಿ ಬೆರೆತ ವಾಸನೆ ಮೂಗಿಗೆ ಬಡಿಯಿತು. ಅಚ್ಚಾದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ ಕಾಲದ ವಾಸನೆ ಅದು. ಆ ಕೆಲಸ ನಿಂತು ಎಷ್ಟೋ ವರ್ಷವಾಗಿದೆ, ಗೋಡೆ ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ. ಮೊಣಕಾಲು ನೋವಿನ ಹೆಂಗಸು ನಾನು, ಆ ವಾಸನೆಗೆ ಒಂದೇ ಉಸಿರಿಗೆ ಇಪ್ಪತ್ತೊಂದು ವರ್ಷದವಳಾದೆ.

ಅದು ತೊಂಬತ್ತಮೂರೋ ತೊಂಬತ್ನಾಲ್ಕೋ ಇರಬೇಕು. ಶ್ರಾವಣ ಮಾಸ. ಮಳೆ ಹಿಡಿದ ಬುಧವಾರವೊಂದರಲ್ಲಿ, ಕನ್ನಡ ಟೈಪಿಂಗ್ ಸೀನಿಯರ್ ಪಾಸಾದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಾನು ಇದೇ ಬಾಗಿಲಲ್ಲಿ ನಿಂತಿದ್ದೆ. ಸಾಹುಕಾರರ ಹೆಸರು ರಾಮಲಿಂಗಯ್ಯ. ನೇಕಾರರ ಮನೆತನ. ಅಣ್ಣತಮ್ಮಂದಿರೆಲ್ಲ ಮಗ್ಗ ಹಾಕಿಕೊಂಡಿದ್ದರೆ ಇವರು ಮಾತ್ರ ಪ್ರೆಸ್ ಹಾಕಿದ್ದರು. ಊರಲ್ಲಿ ಯಾರ ಹತ್ತಿರವೂ ಇಲ್ಲದ ಕಂಪ್ಯೂಟರನ್ನು ಆಗಷ್ಟೇ ತಂದಿದ್ದರು.

"ಕಂಪ್ಯೂಟರ್ ಗೊತ್ತೇನಮ್ಮಾ?"

"ಗೊತ್ತು ಸಾರ್."

ಬ್ಯಾಂಕಿನಲ್ಲಿ ಗಾಜಿನ ಆಚೆ ಒಂದನ್ನು ನೋಡಿದ್ದೆ. ಗೊತ್ತು ಅನ್ನುವುದಕ್ಕೆ ಅಷ್ಟು ಸಾಲದೇ? ಟೈಪ್‌ರೈಟರಿನಲ್ಲೂ ಕೀ, ಕಂಪ್ಯೂಟರಿನಲ್ಲೂ ಕೀ. ಅದನ್ನು ಒತ್ತಿದವಳು ಇದನ್ನು ಒತ್ತಲಾರೆನೇ ಅಂದುಕೊಂಡಿದ್ದೆ. ದಸರಾವರೆಗೆ ನೋಡೋಣ, ಕೆಲಸ ಹಿಡಿಸಿದರೆ ಕಾಯಂ ಅಂದರು.

ಮನೆಯಲ್ಲೂ ಅದೇ ಗಡುವು. ನಮ್ಮೂರು ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಅಪ್ಪ ರಾಗಿ ಹೊಲದಿಂದ ಬಂದು ಕಾಲು ತೊಳೆಯುತ್ತಾ ಹೇಳಿದರು: "ಕೆಲಸ ಕಾಯಂ ಆದ್ರೆ ಮಾಡು, ನಾನು ಅಡ್ಡ ಬರಲ್ಲ. ಆಗ್ಲಿಲ್ವಾ, ದಸರಾ ಕಳೀತಿದ್ದಂಗೆ ಸಮೇತನಹಳ್ಳಿಗೆ ಅಕ್ಕನ ಮನೆಗೆ ಹೊರಡು. ನಿಮ್ಮ ಭಾವ ಅಲ್ಲೊಂದು ಗಂಡು ನೋಡವ್ರೆ." ಆ ಗಂಡಿನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ, ಅವನ ಮುಖವನ್ನೇ ನೋಡಿರಲಿಲ್ಲ. ಆದರೆ ಎರಡು ವರ್ಷ ಬೆರಳು ನೋಯಿಸಿಕೊಂಡು ಕಲಿತದ್ದನ್ನು ಒಂದು ದಿನವೂ ಬಳಸದೆ ಯಾರದೋ ಅಡುಗೆಮನೆಗೆ ಹೋಗಿ ನಿಲ್ಲುವುದಕ್ಕೆ ನನಗೆ ಸುತರಾಂ ಇಷ್ಟವಿರಲಿಲ್ಲ. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಕಂಪ್ಯೂಟರಿಗೆ ಒಂದು ಪ್ರತ್ಯೇಕ ಕೋಣೆ. ಚಪ್ಪಲಿ ಹೊರಗೆ ಬಿಡಬೇಕು. ಕಿಟಕಿಗೆ ಪರದೆ. ಸಾಹುಕಾರರ ತಾಯಿ ಚೌಡಮ್ಮಜ್ಜಿ ಸೀರೆಯ ತುಂಡುಗಳಿಂದ ಕಂಪ್ಯೂಟರಿಗೊಂದು ಮುಸುಕು ಹೊಲಿದಿದ್ದರು, ಜರಿಯಂಚಿನ ಸಮೇತ. ಪಕ್ಕದ ಮನೆಗಳಲ್ಲಿ ಪವರ್‌ಲೂಮ್ ಶುರುವಾದರೆ ನೆಲ ಅದುರಿ, ಕಂಪ್ಯೂಟರ್ ಪರದೆಯ ಮೇಲಿನ ಅಕ್ಷರಗಳಿಗೂ ಸಣ್ಣಗೆ ನಡುಕ ಬರುತ್ತಿತ್ತು. ಮೊದಲ ದಿನ ಎಲ್ಲರೂ ಸುತ್ತ ನಿಂತರು. ನಾನು ಬೆನ್ನು ನೆಟ್ಟಗೆ ಮಾಡಿ, ಕೀಲಿಮಣೆಯ ಕಡೆ ಕಣ್ಣೂ ಹಾಯಿಸದೆ, ಟೈಪಿಂಗ್ ಪರೀಕ್ಷೆಗೆ ಕೂತವಳಂತೆ ನನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲವನ್ನೂ ಪಟಪಟನೆ ಹೊಡೆದೆ.

ಪರದೆಯ ಮೇಲೆ ಮೂಡಿದ್ದನ್ನು ಓದಲು ನನ್ನಿಂದ ಹಿಡಿದು ಯಾರಿಂದಲೂ ಆಗಲಿಲ್ಲ.

"ಇದ್ಯಾವ ಭಾಷೆ ತಾಯಿ?" ಅಂದರು ಚೌಡಮ್ಮಜ್ಜಿ, ಬಹಳ ವಿನಯದಿಂದ.

ವಿಷಯ ಇಷ್ಟೇ. ಟೈಪ್‌ರೈಟರಿನಲ್ಲಿ ಅಕ್ಷರಗಳಿದ್ದ ಜಾಗವೇ ಬೇರೆ, ಈ ಕಂಪ್ಯೂಟರಿನಲ್ಲಿ ಇರುವ ಜಾಗವೇ ಬೇರೆ. ಇಲ್ಲಿ ಗುಣಿತದ ಗುರುತುಗಳೆಲ್ಲ ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಸಾಲದ್ದಕ್ಕೆ ಕೀಗಳ ಮೇಲೆ ಬರೆದಿದ್ದುದು ಬರೀ ಇಂಗ್ಲಿಷು. ಎಂ ಎಂದು ಬರೆದಲ್ಲಿ ಒತ್ತಿದರೆ ಸ ಬರುತ್ತದೆ. ಮ ಬೇಕಾದರೆ ಸಿ ಒತ್ತಬೇಕು. ಎಲ್ ಒತ್ತಿದರೆ ತ. ಕೆ ಒತ್ತಿದರೆ ಮಾತ್ರ ಕ ಬರುತ್ತಿತ್ತು, ಅದೊಂದನ್ನು ಕಂಡರೆ ನನಗೆ ತವರಿನವರನ್ನು ಕಂಡಷ್ಟು ಸಂತೋಷ. ಕಂಪ್ಯೂಟರ್ ತಂದುಕೊಟ್ಟ ಬೆಂಗಳೂರಿನ ಕಂಪನಿಯವನು ಅಕ್ಷರಗಳ ನಕ್ಷೆಯ ಒಂದು ಹಾಳೆ ಕೊಟ್ಟು, "ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ ಮೇಡಂ" ಎಂದು ಹೋದವನು ಆಮೇಲೆ ಕಣ್ಣಿಗೆ ಬೀಳಲಿಲ್ಲ. ಅಕ್ಷರ ಎಲ್ಲೆಲ್ಲಿ ಕೂರಬೇಕು ಎಂದು ತೀರ್ಮಾನಿಸಿದವನು ಯಾರೋ, ಅವನನ್ನು ಒಂದು ತಿಂಗಳು ದಿನವೂ ಬೈದಿದ್ದೇನೆ. ಅವನಿಗೆ ಊಟದ ಹೊತ್ತಿನಲ್ಲಿ ಬಿಕ್ಕಳಿಕೆ ಬರದೆ ಇದ್ದಿರಲಾರದು.

ಏನೂ ಬಾರದವಳಾಗಿದ್ದರೆ ಬೇಗ ಕಲಿಯುತ್ತಿದ್ದೆನೇನೋ. ನನಗೆ ಬರುತ್ತಿತ್ತು, ಅದೇ ಕಷ್ಟವಾದದ್ದು. ತಲೆ ಹೊಸ ಜಾಗ ಹೇಳಿದರೆ ಬೆರಳು ಹಳೆಯ ಜಾಗಕ್ಕೇ ಹೋಗುತ್ತಿತ್ತು. ಟೈಪಿಂಗ್ ಕ್ಲಾಸಿನಲ್ಲಿ ಕೀ ನೋಡಿದರೆ ಮೇಷ್ಟ್ರು ಸ್ಕೇಲಿನಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದರು. ಏಟು ತಿಂದು ಕಲಿತದ್ದು ಅಷ್ಟು ಸುಲಭವಾಗಿ ಬಿಟ್ಟು ಹೋಗುತ್ತದೆಯೇ! ಕಡೆಗೆ ಸೋತು, ಬಿಳಿಯ ಕಾಗದವನ್ನು ಉಗುರಿನಷ್ಟು ತುಂಡು ಮಾಡಿ, ಒಂದೊಂದರ ಮೇಲೂ ಕನ್ನಡ ಅಕ್ಷರ ಬರೆದು, ಗೋಂದು ಹಚ್ಚಿ ಕೀಗಳ ಮೇಲೆ ಅಂಟಿಸಿದೆ. ಈಗ ಕೆಲಸ ನಡೆಯಿತು. ಆದರೆ ಹೇಗೆ? ತಲೆ ಬಗ್ಗಿಸಿ ಹುಡುಕಿ, ಒಂದು ಬೆರಳಿನಿಂದ ಕುಟ್ಟಿ, ಪರದೆ ನೋಡಿ, ಮತ್ತೆ ತಲೆ ಬಗ್ಗಿಸಿ. ಒಂದು ಪುಟಕ್ಕೆ ಅರ್ಧ ದಿನ.

ಗೌರಿಹಬ್ಬ ಕಳೆದ ಮೇಲೆ ಸಾಹುಕಾರರು ಕರೆದು ಕೂರಿಸಿದರು. ಒಳ್ಳೆಯ ಮನುಷ್ಯ, ಬೈಯುವಾಗಲೂ ಕಾಫಿ ತರಿಸುತ್ತಿದ್ದರು.

"ನೋಡಮ್ಮಾ, ಸೀರೆ ವ್ಯಾಪಾರದ ವೆಂಕಟಪ್ಪನೋರ ಮಗಳ ಲಗ್ನಪತ್ರಿಕೆ ನಮಗೆ ಬಂದದೆ. ವಿಜಯದಶಮಿ ದಿನ ಸಾಯಂಕಾಲದೊಳಗೆ ಮೊದಲನೇ ಪತ್ರಿಕೆ ಅವರ ಮನೆದೇವರ ಮುಂದೆ ಇಡಬೇಕು, ಅದು ಅವರ ಪದ್ಧತಿ. ಕಂಪ್ಯೂಟರ್‌ದೇ ಬೇಕಂತೆ. ಆವತ್ತು ನಿನ್ನ ಕೈಲಿ ಆಯ್ತು ಅಂದ್ರೆ ನೀನು ಕಾಯಂ. ಆಗ್ಲಿಲ್ಲ ಅಂದ್ರೆ ಬೆಂಗಳೂರಿಂದ ಆಪರೇಟರ್ ಕರೆಸ್ತೀನಿ. ಬೇಜಾರ್ ಮಾಡ್ಕೋಬೇಡ."

ಕಾಫಿ ಲೋಟ ಹಾಗೇ ಇಟ್ಟೆ. ಹೊರಗೆ ಬಂದು, ಮೊಳೆ ಜೋಡಿಸುವ ಕೋಣೆಯ ಹೊಸ್ತಿಲ ಮೇಲೆ ಕೂತು ಅತ್ತೆ. ಮುಚ್ಚುಮರೆ ಏನು, ಮೂಗು ಸೋರುವಂತೆಯೇ ಅತ್ತೆ.

ಆ ಕೋಣೆಯಲ್ಲಿ ಇದ್ದವರು ನಂಜುಂಡಣ್ಣ. ಐವತ್ತು ದಾಟಿದ ಕಂಪೋಸಿಟರ್. ಸದಾ ಜುಬ್ಬ, ಅದಕ್ಕೆ ಪಕ್ಕದಲ್ಲೊಂದು ದೊಡ್ಡ ಜೇಬು. ಇಳಿಜಾರಾಗಿ ನಿಲ್ಲಿಸಿದ ಮರದ ಕೇಸು, ಅದರಲ್ಲಿ ನೂರಾರು ಸಣ್ಣ ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆಗಳು. ಗೂಡು ಅನ್ನುತ್ತಿರಲಿಲ್ಲ ಅವರು, ಮನೆ ಅನ್ನುತ್ತಿದ್ದರು. ಕ ಮನೆ, ತ ಮನೆ. ಯಾವ ಮನೆಯ ಮೇಲೂ ಹೆಸರಿಲ್ಲ. ಬೇರೆಲ್ಲೋ ನೋಡುತ್ತಾ, ಯಾರ ಜೊತೆಗೋ ಮಾತಾಡುತ್ತಾ ಅವರ ಕೈ ಸರಿಯಾದ ಮನೆಗೇ ಹೋಗುತ್ತಿತ್ತು. ಕಂಪ್ಯೂಟರ್ ಓಡಿದರೆ ಮೊಳೆ ಕೆಲಸ ನಿಲ್ಲಿಸುತ್ತೇನೆಂದು ಸಾಹುಕಾರರು ಆಗಲೇ ಹೇಳಿಬಿಟ್ಟಿದ್ದರು. ಹಾಗಾಗಿ ನಾನು ಬಂದಾಗಿನಿಂದ ಅವರ ಮುಖ ನೋಡುವುದನ್ನೇ ತಪ್ಪಿಸುತ್ತಿದ್ದೆ.

"ಯಾಕವ್ವಾ, ಯಂತ್ರ ಕಚ್ತಾ?" ಎಂದು ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ. ಕಂಪ್ಯೂಟರ್ ಗೊತ್ತು ಎಂದು ಸುಳ್ಳು ಹೇಳಿದ್ದು, ಬೆರಳು ಮಾತು ಕೇಳದ್ದು, ಸಮೇತನಹಳ್ಳಿ. ಅವರು ಮೊಳೆ ಜೋಡಿಸುವುದನ್ನು ನಿಲ್ಲಿಸದೆ ಕೇಳಿದರು.

"ನಾನು ಮೂರು ಪ್ರೆಸ್ಸಲ್ಲಿ ಕೆಲಸ ಮಾಡಿದೀನಿ ಕಣಮ್ಮ. ಮೂರು ಕಡೇನೂ ಕೇಸು ಬೇರೆ ಬೇರೆ. ಒಂದು ಕಡೆ ಎಡಗಡೆ ಇದ್ದದ್ದು ಇನ್ನೊಂದು ಕಡೆ ಮೇಲ್ಗಡೆ. ಹೊಸ ಪ್ರೆಸ್ಸಿಗೆ ಹೋದಾಗ ನನ್ನ ಕೈಯೂ ನಿನ್ನ ಕೈ ಹಂಗೇ ಆಡ್ತಿತ್ತು. ಆಗ ಏನ್ ಮಾಡ್ತಿದ್ವಿ ಗೊತ್ತಾ? ಜೋಡಿಸೋ ಕೆಲಸ ಮುಟ್ತಾನೇ ಇರಲಿಲ್ಲ. ಒಂದು ತಿಂಗಳು ಬರೀ ಡಿಸ್ಟ್ರಿಬ್ಯೂಷನ್."

ಅಚ್ಚಾಗಿ ಮುಗಿದ ಪುಟವನ್ನು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಮನೆಗೆ ವಾಪಸು ಹಾಕುವುದಕ್ಕೆ ಹಾಗೆ ಹೇಳುತ್ತಿದ್ದರು. ಹೊಸಬರಿಗೆ ಮೊದಲು ಕೊಡುವ ಕೆಲಸ ಅದೇ.

"ಜೋಡಿಸ್ವಾಗ ಕಣ್ಣಿಗೆ ಪದ ಕಾಣ್ತದೆ. ಪದ ಕಂಡ ತಕ್ಷಣ ಕೈ ಹಳೇ ದಾರಿ ಹಿಡೀತದೆ. ಬಿಚ್ಚೋವಾಗ ಪದ ಇಲ್ಲ. ಬರೀ ಒಂದು ಅಕ್ಷರ, ಒಂದು ಮನೆ. ನಾಳೆಯಿಂದ ನೀನೂ ಬಿಚ್ಚು. ಆದ್ರೆ ಮೊದಲು ಆ ತೇಪೆಗಳನ್ನ ಕಿತ್ತಾಕು. ಕೇಸಿನ ಮೇಲೆ ಯಾರಾದ್ರೂ ಹೆಸರು ಬರೀತಾರೇನಮ್ಮ?"

ಬಿಚ್ಚಲು ಒಪ್ಪಿದೆ. ಕಾಗದ ಕೀಳಲು ಒಪ್ಪಲಿಲ್ಲ. ನನಗಿದ್ದ ಒಂದೇ ಆಸರೆ ಅದು.

ಆಗೆಲ್ಲ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ನಾಲ್ಕಕ್ಕೆ ಬರುತ್ತಿತ್ತು. ಕರೆಂಟು ಹೋದ ಕ್ಷಣಕ್ಕೆ ಇಡೀ ಊರಿನ ಮಗ್ಗಗಳು ಒಟ್ಟಿಗೆ ನಿಂತು, ಕಿವಿಯಲ್ಲಿ ಗುಂಯ್ ಎನ್ನುವಷ್ಟು ಮೌನ. ನೇಕಾರರು ಬೀದಿಗೆ ಬಂದು ಬೀಡಿ ಹಚ್ಚುತ್ತಿದ್ದರು. ಹೆಂಗಸರು ಜಗಲಿಯ ಮೇಲೆ ಅಕ್ಕಿ ಆರಿಸಲು ಕೂರುತ್ತಿದ್ದರು. ಅದೇ ನಮ್ಮ ಪಾಠದ ಹೊತ್ತು. ನಂಜುಂಡಣ್ಣ ಸತ್ತಂತೆ ಮಲಗಿದ್ದ ಕಂಪ್ಯೂಟರಿನ ಕೀಲಿಮಣೆಯನ್ನು ತಂದು ನನ್ನ ಮಡಿಲಲ್ಲಿ ಇಡುತ್ತಿದ್ದರು. ಅದರ ಮೇಲೆ ಅಜ್ಜಿಯ ಜರಿಯಂಚಿನ ಮುಸುಕು ಹೊದಿಸಿ, ಮುಸುಕಿನೊಳಗೆ ಕೈ ಹಾಕು ಅನ್ನುತ್ತಿದ್ದರು. ಯಾವುದಾದರೂ ಹಳೆಯ ಕರಪತ್ರ ಹಿಡಿದುಕೊಂಡು ಕೊನೆಯ ಸಾಲಿನಿಂದ, ಹಿಂದಿನಿಂದ ಮುಂದಕ್ಕೆ, ಬಿಡಿ ಬಿಡಿಯಾಗಿ ಅಕ್ಷರ ಕೂಗಿ, ನಾನು ಒತ್ತಿದ ಮೇಲೆ ಮುಸುಕೆತ್ತಿ ಬೆರಳ ಕೆಳಗಿನ ಕಾಗದ ನೋಡುತ್ತಿದ್ದರು.

"ರ... ಗ... ನ... ದೀರ್ಘ... ಸ... ಅವಸರ ಬೇಡ, ಮನೆ ಬಾಗ್ಲು ತಟ್ಟಿ ಒಳಗೆ ಬಿಟ್ಟು ಬಾ."

ಎದುರು ಮನೆಯ ನೇಕಾರರು ಕಿಟಕಿಯಿಂದ ಇಣುಕಿ, "ಏನಣ್ಣಾ, ಮಂತ್ರ ಹೇಳಿಕೊಡ್ತಾ ಇದೀಯಾ?" ಅನ್ನುತ್ತಿದ್ದರು. ನಂಜುಂಡಣ್ಣ ತಲೆಯೆತ್ತದೆ, "ನಿನ್ನ ಮಗ್ಗಕ್ಕೆ ಬಂದಾಗ ನಿನಗೂ ಹೇಳಿಕೊಡ್ತೀನಿ ಹೋಗು" ಅನ್ನುತ್ತಿದ್ದರು. ಕರೆಂಟು ಬರುವ ಹೊತ್ತಿಗೆ ದಿನವೂ ಒಂದೇ ಪ್ರಶ್ನೆ: "ಮನೆ ತಪ್ಪಿದೋರು ಇವತ್ತು ಎಷ್ಟು ಜನ?" ಮೊದಲ ವಾರ ಲೆಕ್ಕ ಹಿಡಿಯಲು ಆಗದಷ್ಟು ಜನ. ಆಮೇಲೆ ಇಪ್ಪತ್ತು, ಹದಿನೈದು. ಭಾದ್ರಪದ ಮುಗಿಯುವ ಹೊತ್ತಿಗೆ ಐದಾರು.

ಬಸ್ಸಿನಲ್ಲೂ ಬಿಚ್ಚುತ್ತಿದ್ದೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೋಗುವ ಹೆಂಗಸರ ಮಧ್ಯೆ ಇಕ್ಕಟ್ಟಿನಲ್ಲಿ ಕೂತು, ಕಿಟಕಿಯಾಚೆ ಹಸಿರು ರಾಗಿ ಹೊಲಗಳನ್ನು ನೋಡುತ್ತಾ, ಅಂಗಡಿ ಬೋರ್ಡುಗಳ ಅಕ್ಷರಗಳನ್ನು ಹಿಂದುಮುಂದಾಗಿ ಊಟದ ಡಬ್ಬಿಯ ಮೇಲೆ ಒತ್ತುತ್ತಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ಹಿಡಿದುಕೊಂಡು, "ಇಷ್ಟು ಚಿಕ್ಕ ವಯಸ್ಸಿಗೇ ನಡುಕ ಬಂದ್ಬಿಡ್ತಲ್ಲಾ ಮಗಾ, ಸರ್ಕಾರಿ ಆಸ್ಪತ್ರೆಗೆ ತೋರಿಸಿದ್ಯಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಗು ತಡೆದುಕೊಳ್ಳಲಾಗದೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ.

ಇಷ್ಟೆಲ್ಲ ಆದರೂ ಕರೆಂಟು ಬಂದು, ಪರದೆ ಬೆಳಗಿ, ನಿಜವಾದ ಕೆಲಸಕ್ಕೆ ಕೂತರೆ ಸಾಕು, ಕಣ್ಣು ತಾನಾಗಿ ಆ ಕಾಗದದ ತುಂಡುಗಳಿಗೇ ಇಳಿಯುತ್ತಿತ್ತು. ಕಂಡ ಮೇಲೆ ಹುಡುಕದೆ ಇರಲು ಆಗುತ್ತಿರಲಿಲ್ಲ. ಮುಸುಕಿನೊಳಗೆ ಓಡುತ್ತಿದ್ದ ಬೆರಳು ಬೆಳಕಿಗೆ ಬಂದ ಕೂಡಲೆ ಕುಂಟುತ್ತಿತ್ತು. ನಂಜುಂಡಣ್ಣ ಮತ್ತೆ ಮತ್ತೆ ಹೇಳಿದರು, ಕಿತ್ತಾಕು. ನಾನು ಮತ್ತೆ ಮತ್ತೆ ಹೇಳಿದೆ, ಇನ್ನೊಂದು ವಾರ ಅಣ್ಣಾ. ಹೀಗೆ ದಸರಾ ಬಂದೇಬಿಟ್ಟಿತು.

ಆಯುಧಪೂಜೆಯ ದಿನ ಪ್ರೆಸ್ಸಿಗೆ ರಜೆ, ನಾನು ಊರಲ್ಲೇ ಇದ್ದೆ. ವಿಜಯದಶಮಿ ಬೆಳಿಗ್ಗೆ ಬಂದೆ. ಊರೆಲ್ಲ ಮಗ್ಗ ನಿಲ್ಲಿಸಿ ಹಬ್ಬ. ಬೀದಿಯಲ್ಲಿ ಒಡೆದ ಬೂದುಗುಂಬಳಕಾಯಿ, ಬಾಳೆಕಂದು, ಸೈಕಲ್ಲಿಗೂ ಚೆಂಡು ಹೂವಿನ ಹಾರ. ಚಪ್ಪಲಿ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗಿ ಮುಸುಕು ತೆಗೆದೆ. ತೆಗೆದವಳು ಹಾಗೇ ನಿಂತೆ.

ಕೀಲಿಮಣೆ ಫಳಫಳ ಹೊಳೆಯುತ್ತಿತ್ತು. ನನ್ನ ಕಾಗದದ ತುಂಡು ಒಂದೂ ಇಲ್ಲ. ಪ್ರತಿ ಕೀ ಮೇಲೂ ಒಂದು ಬೊಟ್ಟು ಕುಂಕುಮ. ಉದ್ದನೆಯ ಸ್ಪೇಸ್ ಬಾರಿಗೆ ಮೂರೆಳೆ ವಿಭೂತಿ.

"ಅಜ್ಜೀ!" ಎಂದು ಕಿರುಚಿದೆ.

ಚೌಡಮ್ಮಜ್ಜಿ ಕೋಸಂಬರಿ ಬಟ್ಟಲು ಹಿಡಿದೇ ಬಂದರು. "ನೀರು ಹಿಂಡಿ ಒದ್ದೆ ಬಟ್ಟೆಲಿ ಒರೆಸಿದ್ದು ಕಣವ್ವ, ನೀರು ಹುಯ್ದಿಲ್ಲ. ಹಬ್ಬದ ದಿನ ಮೈತುಂಬಾ ಕಾಗದ ಅಂಟಿಸ್ಕೊಂಡು ಕೂತಿದ್ರೆ ಸರಸ್ವತಿ ಬರ್ತಾಳಾ? ಎಷ್ಟು ಗಲೀಜಾಗಿತ್ತು! ಈಗ ನೋಡು, ಲಕ್ಷಣವಾಗದೆ."

ನಂಜುಂಡಣ್ಣ ಬಾಗಿಲಲ್ಲಿ ನಿಂತು ಜಂತೆ ನೋಡುತ್ತಿದ್ದರು. ಸಾಹುಕಾರರು ತಲೆಯ ಮೇಲೆ ಕೈ ಹೊತ್ತರು. ಹೊರಗೆ ವೆಂಕಟಪ್ಪನವರ ಕಾರು ನಿಂತ ಸದ್ದಾಯಿತು. ಅವರ ಜೊತೆ ಅವರ ಅಕ್ಕ, ಭಾವ, ಇಬ್ಬರು ತಮ್ಮಂದಿರು. ಹೊಸದಾಗಿ ಕಾಗದ ಬರೆದು ಅಂಟಿಸೋಣ ಎಂದರೆ, ನಕ್ಷೆಯ ಹಾಳೆ ಮನೆಯಲ್ಲಿ, ನನ್ನ ದಿಂಬಿನ ಕೆಳಗೆ.

"ನಂಜುಂಡಪ್ಪಾ, ಕೇಸು ತೆಗೀರಿ. ಮೊಳೆಯಲ್ಲೇ ಮಾಡ್ಬಿಡೋಣ. ಈ ಮಗು ಕೈಲಿ ಇನ್ನು ಆಗಲ್ಲ" ಎಂದರು ಸಾಹುಕಾರರು.

ಅಷ್ಟರಲ್ಲಿ ನಂಜುಂಡಣ್ಣ ತಣ್ಣಗೆ ಹೇಳಿದರು: "ಆಗಾಕಿಲ್ಲ ಸಾವ್ಕಾರ್ರೇ. ಹಬ್ಬ ಅಂತ ಮೊಳೆ ಎಲ್ಲಾ ತೊಳೆದು ಒಣಗಕ್ಕೆ ಹಾಕಿದೀನಿ. ನಾಳೆವರೆಗೂ ಮುಟ್ಟಂಗಿಲ್ಲ."

ಆಮೇಲೆ ನನ್ನ ಹಿಂದೆ ಬಂದು ನಿಂತರು. ಒಂದು ಕೈ ಜುಬ್ಬದ ಜೇಬಿನಲ್ಲಿತ್ತು. "ಕೂತ್ಕೋ. ಪದ ನೋಡಬೇಡ, ಕೀ ನೋಡಬೇಡ. ಒಂದು ಅಕ್ಷರ, ಒಂದು ಮನೆ. ಕಳಿಸ್ತಾ ಹೋಗು."

ಕೂತೆ. ಬಗ್ಗಿ ನೋಡಿದರೆ ಕಾಣುವುದು ಕುಂಕುಮ ಮಾತ್ರ, ಹಾಗಾಗಿ ನೋಡಿ ಪ್ರಯೋಜನವೇ ಇರಲಿಲ್ಲ. ಕಣ್ಣನ್ನು ವೆಂಕಟಪ್ಪನವರ ಕೈಬರಹದ ಮೇಲೆ ನೆಟ್ಟು ಶ್ರೀ ಎಂದು ಒತ್ತಿದೆ. ತಲೆಯೆತ್ತಿದರೆ, ಪರದೆಯ ಮೇಲೆ ಶ್ರೀ! ಮುಂದಿನ ಪದ, ಅದರ ಮುಂದಿನದು. ಮಗ್ಗಗಳೆಲ್ಲ ನಿಂತಿದ್ದರಿಂದ ಬೀದಿ ನಿಶ್ಶಬ್ದವಾಗಿತ್ತು, ನನ್ನ ಕೀಗಳ ಸದ್ದೊಂದೇ ಕೇಳುತ್ತಿತ್ತು. ಮೊದಲು ಮಳೆ ನಿಂತ ಮೇಲಿನ ಸೂರಿನ ಹನಿಗಳ ಹಾಗೆ ಬಿಟ್ಟು ಬಿಟ್ಟು, ಆಮೇಲೆ ಒಂದೇ ಸಮನೆ. ಬೆರಳಿಗೆ ದಾರಿ ಗೊತ್ತಿತ್ತು! ಯಾವಾಗಿನಿಂದ ಗೊತ್ತಿತ್ತೋ ನನಗೇ ತಿಳಿಯದು. ಹೊಟ್ಟೆಯೊಳಗಿಂದ ಉಕ್ಕಿ ಬಂದ ಆ ಸಂತೋಷವನ್ನು ನಾನು ಮತ್ತೆ ಅನುಭವಿಸಿದ್ದು ಮಗಳು ಹುಟ್ಟಿದಾಗ ಮಾತ್ರ.

ನಿಜವಾದ ಪರೀಕ್ಷೆ ಶುರುವಾದದ್ದು ಕೊನೆಯಲ್ಲಿ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರಿಗಿಂತ ಈ ಪಟ್ಟಿಯನ್ನೇ ಜನ ಮೊದಲು ನೋಡುವುದು. ಒಂದು ಹೆಸರು ಮೇಲೆ ಕೆಳಗೆ ಆದರೆ ಎರಡು ತಲೆಮಾರು ಮಾತು ಬಿಡುತ್ತಾರೆ. ವೆಂಕಟಪ್ಪನವರ ಅಕ್ಕ ಪರದೆ ನೋಡಿ ಸೆಟೆದುಕೊಂಡರು.

"ನಮ್ಮ ಯಜಮಾನರ ಹೆಸರು ಏಳನೇದಾ? ಮನೆ ಹಿರೀ ಅಳಿಯ ಅವರು!"

"ಅಕ್ಕಾ, ಎಲ್ಲಾ ಹಾಕಿ ಮುಗಿದದೆ. ಈಗ ಬದಲಾಯಿಸೋಕೆ ಒಂದು ದಿನ ಬೇಕು" ಎಂದು ವೆಂಕಟಪ್ಪನವರು ಹೆದರುತ್ತಾ ಹೇಳಿದರು. ಮೊಳೆಯ ಕಾಲದ ಅನುಭವ ಅದು. ಹೆಸರೊಂದು ಜಾಗ ಬದಲಿಸಿದರೆ ಇಡೀ ಪುಟ ಸಡಿಲಿಸಿ ಮತ್ತೆ ಕಟ್ಟಬೇಕಿತ್ತು.

"ಬೇಕಿಲ್ಲ ಸಾರ್" ಎಂದು ನಾನು ಆ ಸಾಲನ್ನು ಎತ್ತಿ ಮೇಲಕ್ಕೆ ಇಟ್ಟೆ. ಎರಡು ಕೀ.

ಎಲ್ಲರೂ ಪರದೆಯ ಹತ್ತಿರಕ್ಕೆ ಬಗ್ಗಿದರು. ಆಮೇಲೆ ತಮ್ಮಂದಿರಿಗೂ ಧೈರ್ಯ ಬಂತು. ಅವರ ಹೆಸರು ಹಿಂದೆ ಮುಂದೆ ಆಯಿತು. ಬಿಟ್ಟುಹೋಗಿದ್ದ ಸೋದರತ್ತೆ ಒಬ್ಬರು ಬಂದು ಸೇರಿಕೊಂಡರು. ನಾಲ್ಕು ಸಲ ಪಟ್ಟಿ ಬದಲಾಯಿತು, ನಾಲ್ಕು ಸಲವೂ ಅವರು ಕೋಸಂಬರಿ ಬಾಯಿಗಿಡುವುದರೊಳಗೆ ನಾನು ಮುಗಿಸಿದ್ದೆ. ಅಕ್ಕನವರು ನನ್ನ ತಲೆ ಸವರಿ, "ಈ ಹುಡುಗಿಗೆ ಒಂದು ರೇಷ್ಮೆ ರವಿಕೆ ಕಣ ಕೊಡೋ ವೆಂಕಟಾ" ಎಂದರು. ಸಂಜೆ ನಾಲ್ಕಕ್ಕೆ ಮೊದಲ ಪತ್ರಿಕೆ, ಮೂಲೆಗಳಿಗೆ ಅರಿಶಿನ ಹಚ್ಚಿಸಿಕೊಂಡು, ಅವರ ಮನೆದೇವರ ಮುಂದೆ ಕೂತಿತ್ತು.

ಆ ಸಂಜೆ ಮನೆಗೆ ಹೋದಾಗ ಅಪ್ಪ ನನ್ನ ಕೈ ನೋಡಿ ಗಾಬರಿಯಾದರು. ಹತ್ತು ಬೆರಳ ತುದಿಯೂ ಕೆಂಪು.

"ಏನಮ್ಮಾ ಇದು, ರಕ್ತವಾ?"

"ಕುಂಕುಮ ಕಣಪ್ಪ. ಕೆಲಸ ಕಾಯಂ ಆಯ್ತು."

ಅಪ್ಪ ಒಳಗೆ ಹೋಗಿ ದೇವರ ಮುಂದಿದ್ದ ಬೆಲ್ಲದ ಚೂರನ್ನು ತಂದು ನನ್ನ ಬಾಯಿಗೆ ಹಾಕಿದರು. ಸಮೇತನಹಳ್ಳಿಯ ಆ ಗಂಡಿಗೆ ಅದೇ ಕಾರ್ತಿಕದಲ್ಲಿ ಬೇರೆ ಕಡೆ ಮದುವೆಯಾಯಿತು. ಅವನ ಲಗ್ನಪತ್ರಿಕೆಯನ್ನೂ ನಾನೇ ಟೈಪ್ ಮಾಡಿದೆ, ಒಂದು ತಪ್ಪೂ ಇಲ್ಲದೆ.

ಮಾರನೆಯ ದಿನ ಮೊಳೆ ಕೋಣೆಗೆ ಹೋದರೆ ಮೊಳೆಗಳೆಲ್ಲ ಕೇಸಿನಲ್ಲೇ ಇದ್ದವು, ಮೇಲೆ ಧೂಳು ಕೂತಿತ್ತು. ಯಾರೂ ಏನನ್ನೂ ತೊಳೆದಿರಲಿಲ್ಲ. ತನ್ನ ಕೆಲಸ ಉಳಿಸಿಕೊಳ್ಳುವ ಅವಕಾಶ ತಾನಾಗಿ ಬಂದಾಗ ಆ ಮನುಷ್ಯ ಸುಳ್ಳು ಹೇಳಿ ಅದನ್ನು ನನಗೆ ಕೊಟ್ಟಿದ್ದರು. ಕೇಳಿದರೆ, "ನಿನಗೊಬ್ಬಳಿಗೇ ಸುಳ್ಳು ಬರ್ತದಾ?" ಎಂದು ನಕ್ಕರು. ಅವರ ಜುಬ್ಬದ ಜೇಬಿನ ಸುತ್ತ ದೊಡ್ಡದೊಂದು ಹಳದಿ ಕಲೆ ಒಣಗಿ ಗಟ್ಟಿಯಾಗಿತ್ತು. ಹಬ್ಬದ ಪಾಯಸ ಚೆಲ್ಲಿಕೊಂಡಿದ್ದಾರೆ ಅಂದುಕೊಂಡೆ. ನನ್ನ ಅದೃಷ್ಟಕ್ಕೆ ಸಾಹುಕಾರರು ಅವರನ್ನು ಬಿಡಲಿಲ್ಲ, ಪ್ರೂಫ್ ನೋಡಲು ಇಟ್ಟುಕೊಂಡರು. ಆಮೇಲೆ ಹತ್ತು ವರ್ಷ ನಾನು ಟೈಪ್ ಮಾಡಿದ ಪ್ರತಿ ಪುಟವನ್ನೂ ಅವರು ಓದಿದರು, ಬಿಡುವಿದ್ದಾಗ ಕೇಸಿನ ಮನೆಗಳನ್ನೂ ನನಗೆ ಕಲಿಸಿದರು. ತಪ್ಪು ಕಂಡಾಗಲೆಲ್ಲ ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಮನೆ ತಪ್ಪಿದೆ ಎಂದು ಬರೆಯುತ್ತಿದ್ದರು.

ಇಷ್ಟೆಲ್ಲ ನೆನೆಯುತ್ತಾ ಮೊನ್ನೆ ಅಟ್ಟ ಹತ್ತಿದೆ. ಶಿವು ಏಣಿ ಹಿಡಿದುಕೊಂಡ. ಕೇಸುಗಳು ಮರದ ಕಪಾಟಿನೊಳಗೆ ಒಂದರ ಮೇಲೊಂದು, ಡ್ರಾಯರಿನಂತೆ. ಮೊಳೆಗಳೆಲ್ಲ ಯಾವತ್ತೋ ಸೀಸದ ತೂಕಕ್ಕೆ ಹೋಗಿದ್ದವು. ಮೊದಲನೆಯದು ಖಾಲಿ. ಎರಡನೆಯದೂ ಖಾಲಿ. ಎಲ್ಲಕ್ಕಿಂತ ಕೆಳಗಿನದನ್ನು ಎಳೆದೆ.

ಮನೆಗಳ ತಳದಲ್ಲಿ ಏನೋ ಬೆಳ್ಳಗೆ ಕಂಡಿತು. ಕನ್ನಡಕ ಹಾಕಿಕೊಂಡು ನೋಡಿದೆ. ಉಗುರಿನಷ್ಟು ಅಗಲದ ಕಾಗದದ ತುಂಡು, ಹಳದಿಗಟ್ಟಿದೆ, ಅದರ ಮೇಲೆ ನನ್ನದೇ ಇಪ್ಪತ್ತೊಂದು ವರ್ಷದ ಕೈಬರಹದಲ್ಲಿ ತ. ಪಕ್ಕದ ಮನೆಯಲ್ಲಿ ಇನ್ನೊಂದು. ಮೇಲಿನ ಮನೆಯಲ್ಲಿ ಮತ್ತೊಂದು. ನಾನು ಕೀಗಳ ಮೇಲೆ ಅಂಟಿಸಿದ್ದ ಅಷ್ಟೂ ತುಂಡುಗಳು. ಒಂದೂ ಹರಿದಿಲ್ಲ. ನೆನೆಸಿ, ಬಿಡಿಸಿ, ಒಣಗಿಸಿ, ಒಂದೊಂದನ್ನೂ ಅದರದರ ಮನೆಯಲ್ಲಿ ಇಟ್ಟಿದ್ದರು.

ಅಟ್ಟದ ಮೇಲೆಯೇ ಕೂತು ಫೋನ್ ಮಾಡಿದೆ. ನಂಜುಂಡಣ್ಣನಿಗೆ ಈಗ ಎಂಬತ್ತು ದಾಟಿದೆ, ಬಾಶೆಟ್ಟಿಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ, ನಾಲಗೆ ಹಾಗೇ ಇದೆ.

"ಅಣ್ಣಾ, ಇಷ್ಟು ವರ್ಷ ಆ ಚೌಡಮ್ಮಜ್ಜೀನ ಬೈಕೊಂಡು ಬಂದೆನಲ್ಲಾ! ಕಾಗದ ಕಿತ್ತಿದ್ದು ನೀವಾ?"

ಆ ಕಡೆ ಸ್ವಲ್ಪ ಹೊತ್ತು ನಗು. "ಅಜ್ಜಿ ತಪ್ಪಿಲ್ಲ ಕಣಮ್ಮ. ಕಾಗದ ಬಿಡಿಸಿ, ಅವರಿಗೆ ಹೇಳಿ ಒರೆಸಿಸಿದ್ದು ನಾನೇ, ಕುಂಕುಮ ಮಾತ್ರ ಅವರ ಸ್ವಂತ ಬುದ್ಧಿ. ನಿನಗೆ ಬಂದ್ಬಿಟ್ಟಿತ್ತು, ನಿನಗೇ ಗೊತ್ತಿರಲಿಲ್ಲ."

"ಆವತ್ತು ನನ್ನ ಕೈಲಿ ಆಗದೇ ಹೋಗಿದ್ರೆ?"

"ಆಗದೇ ಹೋಗಿದ್ರೆ ಹತ್ತು ನಿಮಿಷದಲ್ಲಿ ಎಲ್ಲಾ ತಂದು ಅಂಟಿಸಿಕೊಡ್ತಿದ್ದೆ. ಅದಕ್ಕೇ ತಾನೇ ನಿನ್ನ ಹಿಂದೆ ಗೋಂದಿನ ಬಾಟ್ಲು ಜೇಬಲ್ಲಿ ಇಟ್ಕೊಂಡು ನಿಂತಿದ್ದು. ಒಳ್ಳೇ ಜುಬ್ಬ ಹಾಳಾಗೋಯ್ತು. ನೀನು ಒಂದು ಸಲಾನೂ ತಿರುಗಿ ನೋಡ್ಲಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಕೆಳಗಿನಿಂದ ಶಿವು, "ಏನಾಯ್ತಕ್ಕಾ, ಹಲ್ಲಿ ಬಿತ್ತಾ?" ಎಂದು ಕೂಗಿದ.

"ಕೇಸು ಕೈಯಲ್ಲೇ ಅದಾ?" ಎಂದರು ನಂಜುಂಡಣ್ಣ. "ಸರಿಯಾಗಿ ನೋಡು. ನಂಗೆ ವಯಸ್ಸಾಗಿದ್ದು ಈಗ, ಆವಾಗಲ್ಲ. ಮನೆ ತಪ್ಪಿದೋರು ಎಷ್ಟು ಜನ?"

ಸೆರಗಿನಿಂದ ಕನ್ನಡಕ ಒರೆಸಿಕೊಂಡು ಒಂದೊಂದು ಮನೆಯನ್ನೂ ಇಣುಕಿ ನೋಡಿದೆ. ಅವರು ಅಷ್ಟು ಹೊತ್ತೂ ಫೋನ್ ಹಿಡಿದು ಕಾದರು.

"ಒಬ್ಬರೂ ಇಲ್ಲ ಅಣ್ಣಾ" ಎಂದೆ.